ನಿಧಾನಿಸುವ ಯಂತ್ರ: ಕೊಣಾಜೆಯಲ್ಲೊಂದು ಪಾಸಿಟ್ರಾನ್ ಧಾರೆ ಯಾಕಿರಬಾರದು?

2024ರಲ್ಲಿ ಎರಡು ತಂಡಗಳು ಬೇರೆ ಬೇರೆ ಕಡೆ ಒಂದೇ ಕೆಲಸ ಮಾಡಿ ತೋರಿಸಿದವು. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಜೋಡಿಯಾಗಿ ಕ್ಷಣಕಾಲ ಬಾಳಿದರೆ ಅದಕ್ಕೆ ಪಾಸಿಟ್ರೋನಿಯಂ ಎನ್ನುತ್ತಾರೆ. ಈ ಜೋಡಿಯಲ್ಲಿ ಎರಡು ಬಗೆ. ಹೆಚ್ಚು ಕಾಲ ಉಳಿಯುವ ಬಗೆಯ ಸರಾಸರಿ ಆಯುಷ್ಯವೂ ನಿರ್ವಾತದಲ್ಲಿ ಬರೀ 142 ನ್ಯಾನೋಸೆಕೆಂಡ್. ಅಷ್ಟರೊಳಗೆ ಅದರ ಮೇಲೆ ಲೇಸರ್ ಬೆಳಕು ಹಾಯಿಸಿ ಅದನ್ನು ತಣ್ಣಗಾಗಿಸಬೇಕು, ಎಂದರೆ ಅದರ ಓಟವನ್ನು ತಗ್ಗಿಸಬೇಕು. ಜಿನೀವಾ ಬಳಿಯ ಸರ್ನ್‌ನಲ್ಲಿ ಈಜಿಸ್ ಎಂಬ ಒಕ್ಕೂಟ ಪಾಸಿಟ್ರೋನಿಯಂನ ಉಷ್ಣತೆಯನ್ನು ಸುಮಾರು 380 ಕೆಲ್ವಿನ್‌ನಿಂದ 170 ಕೆಲ್ವಿನ್‌ಗೆ ಇಳಿಸಿತು. ಅದೇ ವರ್ಷ ಟೋಕಿಯೋದ ವಿಜ್ಞಾನಿಗಳು ಇನ್ನೊಂದು ವಿಧಾನದಿಂದ, ಒಂದೇ ದಿಕ್ಕಿನ ಚಲನೆಯಲ್ಲಿ, 1 ಕೆಲ್ವಿನ್ ಆಸುಪಾಸಿಗೆ ಇಳಿಸಿದರು.

ಈಜಿಸ್ ಒಕ್ಕೂಟದಲ್ಲಿ ಭಾರತದ ಕಡೆಯಿಂದ ಇದ್ದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗುಂಪು. ಸಿ. ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆಯ ಜನ ಪ್ರತಿದ್ರವ್ಯದ ಪ್ರಯೋಗದಲ್ಲಿ ಕೈಜೋಡಿಸಿದ್ದಾರೆ ಎಂಬುದು ಹೆಮ್ಮೆಯ ಸಂಗತಿ. ಆದರೆ ಪ್ರಯೋಗ ನಡೆಯುವುದು ಸ್ವಿಟ್ಜರ್‌ಲೆಂಡಿನಲ್ಲಿ. ಬೆಂಗಳೂರಿನಲ್ಲಿ ಲೇಸರ್ ವಿದ್ಯೆ ಇದೆ, ಆ ಲೇಸರ್ ಹಾಯಿಸಲು ಬೇಕಾದ ಪಾಸಿಟ್ರಾನ್ ಧಾರೆ ರಾಜ್ಯದಲ್ಲಿ ಇಲ್ಲ.

ಈ ಎರಡು ಪ್ರಯೋಗಗಳ ನಡುವೆ ಇನ್ನೊಂದು ವ್ಯತ್ಯಾಸವೂ ಇದೆ. ಈಜಿಸ್ ತಂಡ ಪಾಸಿಟ್ರಾನ್‌ಗಳನ್ನು ಪಡೆದದ್ದು ಸೋಡಿಯಂ-22 ಎಂಬ ವಿಕಿರಣಶೀಲ ಮೂಲದಿಂದ. ಟೋಕಿಯೋದವರು ಪಡೆದದ್ದು ತ್ಸುಕುಬಾದ ಕೆಇಕೆ ಸಂಸ್ಥೆಯ ಮಂದ ಪಾಸಿಟ್ರಾನ್ ಕೇಂದ್ರದಿಂದ. ಅಲ್ಲಿ ಅದಕ್ಕೆಂದೇ ಮೀಸಲಾದ ಎಲೆಕ್ಟ್ರಾನ್ ವೇಗವರ್ಧಕ ಇದೆ. ಈ ಎರಡನೇ ದಾರಿಯನ್ನು ಕರ್ನಾಟಕ ಗಂಭೀರವಾಗಿ ನೋಡಬೇಕು, ಅದಕ್ಕೆ ಬೇಕಾದ ಮೊದಲ ಯಂತ್ರ ಮಂಗಳೂರಿನ ಪಕ್ಕದ ಕೊಣಾಜೆಯಲ್ಲಿ ಮೂವತ್ತು ವರ್ಷಗಳ ಹಿಂದೆಯೇ ಬಂದು ಕೂತಿದೆ ಎಂಬುದು ಈ ಬರಹದ ವಾದ.

ಓಡಿಸುವುದು ಒಂದು ಕೆಲಸ, ನಿಲ್ಲಿಸುವುದು ಇನ್ನೊಂದು

ಕನ್ನಡದಲ್ಲಿ ಈ ಯಂತ್ರಗಳಿಗೆ 'ಕಣ ವೇಗವರ್ಧಕ' ಎನ್ನುವುದು ರೂಢಿ. ಹೆಸರು ಅರ್ಧ ಕೆಲಸವನ್ನಷ್ಟೇ ಹೇಳುತ್ತದೆ. ಆ ಹೆಸರಿನಿಂದಾಗಿಯೇ ಏನೋ, ವೇಗವರ್ಧಕ ಎಂದ ಕೂಡಲೇ 27 ಕಿಲೋಮೀಟರ್ ಸುತ್ತಳತೆಯ ಸುರಂಗ, ಸಾವಿರಾರು ಕೋಟಿ ರೂಪಾಯಿ, ಹತ್ತಾರು ದೇಶಗಳ ಬಾವುಟ ಕಣ್ಣಮುಂದೆ ಬರುತ್ತವೆ. ಶಕ್ತಿ ಹೆಚ್ಚಿದಷ್ಟೂ ವಿಜ್ಞಾನ ದೊಡ್ಡದು ಎಂಬ ಎಣಿಕೆ ಬೇರೂರಿದೆ. ಪ್ರತಿದ್ರವ್ಯದ ವಿಷಯದಲ್ಲಿ ಈ ಎಣಿಕೆ ತಲೆಕೆಳಗಾಗುತ್ತದೆ.

ಇತಿಹಾಸವನ್ನೇ ನೋಡಬಹುದು. ಎಲೆಕ್ಟ್ರಾನಿಗೊಂದು ಪ್ರತಿಕಣ ಇರಬೇಕೆಂದು ಪಾಲ್ ಡಿರಾಕ್ 1931ರಲ್ಲಿ ಹೇಳಿದರು. ಮರುವರ್ಷ ಕಾರ್ಲ್ ಆಂಡರ್ಸನ್ ಆಕಾಶದಿಂದ ಬೀಳುವ ವಿಶ್ವಕಿರಣಗಳಲ್ಲಿ ಅದನ್ನು ಕಂಡರು. ಅದಕ್ಕೆ ಯಾವ ವೇಗವರ್ಧಕವೂ ಬೇಕಾಗಲಿಲ್ಲ. ಪ್ರೋಟಾನಿನ ಪ್ರತಿಕಣವನ್ನು ಕಾಣಲು ಮಾತ್ರ 1955ರವರೆಗೆ ಕಾಯಬೇಕಾಯಿತು. ಬರ್ಕ್ಲಿಯಲ್ಲಿ ಬೆವಟ್ರಾನ್ ಎಂಬ ದೊಡ್ಡ ಯಂತ್ರ ಬೇಕಾಯಿತು. ಅಲ್ಲಿಯವರೆಗಿನ ಕಥೆ ಹೆಚ್ಚು ಶಕ್ತಿಯ ಕಥೆ. ಅಲ್ಲಿಂದ ಮುಂದೆ ಕಥೆ ತಿರುಗುತ್ತದೆ. ಹುಟ್ಟಿದ ಪ್ರತಿಕಣ ಬೆಳಕಿನ ವೇಗದ ಹತ್ತಿರ ಓಡುತ್ತಿದ್ದರೆ ಅದನ್ನು ಹಿಡಿದು ನೋಡುವುದು ಹೇಗೆ? ಅದರ ತೂಕ, ಅದು ಹೀರುವ ಬೆಳಕಿನ ಬಣ್ಣ, ಕೈಬಿಟ್ಟರೆ ಅದು ಕೆಳಗೆ ಬೀಳುತ್ತದೆಯೋ ಮೇಲೆ ಹೋಗುತ್ತದೆಯೋ ಎಂಬುದನ್ನು ತಿಳಿಯಬೇಕಾದರೆ ಅದು ನಿಲ್ಲಬೇಕು.

ಸರ್ನ್‌ನಲ್ಲಿ ಇದಕ್ಕಾಗಿಯೇ ಕಟ್ಟಿದ ಎರಡು ಉಂಗುರಗಳಿವೆ. ಪ್ರೋಟಾನ್‌ಗಳನ್ನು ಇರಿಡಿಯಂ ಲೋಹದ ತುಂಡಿಗೆ ಹೊಡೆಸಿದಾಗ ಸಿಡಿಯುವ ಕಣಗಳಲ್ಲಿ ಆಂಟಿಪ್ರೋಟಾನ್‌ಗಳೂ ಇರುತ್ತವೆ. ಸುಮಾರು ಎರಡು ನಿಮಿಷಕ್ಕೊಮ್ಮೆ ಸುಮಾರು 3 ಕೋಟಿ ಆಂಟಿಪ್ರೋಟಾನ್‌ಗಳು ಸಿಗುತ್ತವೆ. ಆಗ ಪ್ರತಿಯೊಂದರ ಶಕ್ತಿ 270 ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು. 182 ಮೀಟರ್ ಸುತ್ತಳತೆಯ ಮೊದಲ ಉಂಗುರ ಅದನ್ನು 53 ಲಕ್ಷಕ್ಕೆ ಇಳಿಸುತ್ತದೆ. 30 ಮೀಟರ್ ಸುತ್ತಳತೆಯ ಎಲೆನಾ ಎಂಬ ಎರಡನೇ ಉಂಗುರ ಅದನ್ನು 1 ಲಕ್ಷಕ್ಕೆ ತರುತ್ತದೆ. ಎಲೆನಾ ಬರುವ ಮುನ್ನ ವಿಜ್ಞಾನಿಗಳು ಧಾರೆಗೆ ತೆಳು ಹಾಳೆಯನ್ನು ಅಡ್ಡ ಹಿಡಿದು ನಿಧಾನಿಸುತ್ತಿದ್ದರು. ಅದರಲ್ಲಿ ಬಹುಪಾಲು ಆಂಟಿಪ್ರೋಟಾನ್‌ಗಳು ನಷ್ಟವಾಗುತ್ತಿದ್ದವು. ಹುಟ್ಟಿಸಲು ಅಷ್ಟು ಖರ್ಚು ಮಾಡಿದ್ದನ್ನು ನಿಲ್ಲಿಸುವ ಹೊತ್ತಿಗೆ ಕಳೆದುಕೊಳ್ಳುವ ಈ ಕಷ್ಟವೇ ಮಂದ ಪ್ರತಿದ್ರವ್ಯ ವಿಜ್ಞಾನದ ತಿರುಳು. 2023ರಲ್ಲಿ ಆಲ್ಫಾ ಎಂಬ ತಂಡ ಪ್ರತಿ-ಹೈಡ್ರೋಜನ್ ಪರಮಾಣುಗಳು ಭೂಮಿಯ ಕಡೆಗೇ ಬೀಳುತ್ತವೆ ಎಂದು ತೋರಿಸಿತು. ಸೇಬು ಬೀಳುವಂತೆಯೇ ಅದೂ ಬೀಳುತ್ತದೆ ಎಂದು ಹೇಳಲು ಮೂರು ದಶಕ ನಿಧಾನಿಸುವ ವಿದ್ಯೆಯನ್ನು ಕಲಿಯಬೇಕಾಯಿತು.

ಆಂಟಿಪ್ರೋಟಾನಿನ ಆಟಕ್ಕೆ ಸರ್ನ್‌ನಂಥ ಜಾಗವೇ ಬೇಕು, ಅದು ಕರ್ನಾಟಕದ ಮಾತಲ್ಲ. ಪಾಸಿಟ್ರಾನಿನ ಲೆಕ್ಕ ಬೇರೆ. ಅದು ಹಗುರ. 1.022 ಎಂಇವಿಗಿಂತ ಹೆಚ್ಚು ಶಕ್ತಿಯ ಗಾಮಾ ಕಿರಣ ಭಾರವಾದ ಪರಮಾಣುವೊಂದರ ಪಕ್ಕ ಹಾಯ್ದರೆ ಸಾಕು, ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಹುಟ್ಟಬಹುದು. ಬೆಂಗಳೂರಿನಲ್ಲಿ ವೈದ್ಯಕೀಯ ಸೈಕ್ಲೋಟ್ರಾನ್ ಇದೆ. ಕ್ಯಾನ್ಸರ್ ರೋಗಿಗಳ ಪೆಟ್ ಸ್ಕ್ಯಾನಿಗೆ ಬೇಕಾದ ಫ್ಲೋರಿನ್-18 ಅಂಥ ಯಂತ್ರದಲ್ಲಿ ತಯಾರಾಗುತ್ತದೆ, ರೋಗಿಯ ದೇಹದೊಳಗೆ ಪಾಸಿಟ್ರಾನ್‌ಗಳನ್ನು ಹೊರಸೂಸುತ್ತದೆ. ಪ್ರತಿದ್ರವ್ಯ ಎಂಬುದು ಕಾದಂಬರಿಯ ವಸ್ತು ಎಂದುಕೊಂಡವರ ಊರಲ್ಲೇ ಅದು ದಿನಾ ಹುಟ್ಟಿ ಸಾಯುತ್ತಿದೆ.

ಮಂದಕ ಮಾಡುವ ಮಾಯೆ

ಹುಟ್ಟಿದ ಪಾಸಿಟ್ರಾನ್ ಲಕ್ಷಾಂತರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ದಿಕ್ಕಾಪಾಲಾಗಿ ಓಡುತ್ತದೆ. ಒಂದರ ವೇಗ ಒಂದಕ್ಕಿಲ್ಲ. ಅದನ್ನು ಧಾರೆ ಎನ್ನಲಾಗದು. ಅದನ್ನು ಪಳಗಿಸುವ ವಸ್ತುವಿಗೆ ಮಂದಕ ಎಂದು ಹೆಸರು. ಕೈಗಾ ಅಣುಸ್ಥಾವರದಲ್ಲಿ ನ್ಯೂಟ್ರಾನ್‌ಗಳನ್ನು ನಿಧಾನಿಸುವ ಭಾರಜಲಕ್ಕೂ ಇದೇ ಹೆಸರು, ಕೆಲಸ ಮಾಡುವ ರೀತಿ ಬೇರೆ.

ಪಾಸಿಟ್ರಾನಿಗೆ ಒಳ್ಳೆಯ ಮಂದಕ ಟಂಗ್‌ಸ್ಟನ್, ಹಳೆಯ ಬಲ್ಬುಗಳ ತಂತಿಯ ಲೋಹ. ಓಡುತ್ತಾ ಬಂದ ಪಾಸಿಟ್ರಾನ್ ಲೋಹದೊಳಗೆ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತಾ ಶಕ್ತಿ ಕಳೆದುಕೊಳ್ಳುತ್ತದೆ. ಬಳಿಕ ಅದಕ್ಕೆ ಉಳಿದಿರುವುದು ಸುಮಾರು 100 ಪಿಕೋಸೆಕೆಂಡ್, ಒಂದು ಸೆಕೆಂಡಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಅಷ್ಟರೊಳಗೆ ಯಾವುದಾದರೂ ಎಲೆಕ್ಟ್ರಾನ್ ಸಿಕ್ಕಿ ಎರಡೂ ಅಳಿದು ಗಾಮಾ ಕಿರಣಗಳಾಗುತ್ತವೆ. ಆದರೆ ಆ ಗಡುವಿನೊಳಗೆ ಅಲೆಯುತ್ತಾ ಲೋಹದ ಮೇಲ್ಮೈ ತಲುಪಿದರೆ ಲೋಹವೇ ಅದನ್ನು ಹೊರಗೆ ತಳ್ಳುತ್ತದೆ. ಎಲೆಕ್ಟ್ರಾನನ್ನು ಲೋಹದಿಂದ ಹೊರತೆಗೆಯಲು ಶಕ್ತಿ ಕೊಡಬೇಕು. ಟಂಗ್‌ಸ್ಟನ್ನಿನ ಮಟ್ಟಿಗೆ ಪಾಸಿಟ್ರಾನಿನದು ತಿರುಗುಮುರುಗು. ಹೊರಬಂದ ಪಾಸಿಟ್ರಾನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಶಕ್ತಿಯಲ್ಲಿ, 3 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ, ಮೇಲ್ಮೈಗೆ ನೇರವಾಗಿ ಸಾಲುಗಟ್ಟುತ್ತವೆ. ಈಗ ಅದು ಧಾರೆ. ಆಮೇಲೆ ವಿದ್ಯುತ್ ಒತ್ತಡ ಕೊಟ್ಟು ಬೇಕಾದಷ್ಟು ಮಾತ್ರ ವೇಗ ಹೆಚ್ಚಿಸಬಹುದು.

ಇದರಲ್ಲಿ ನಷ್ಟ ವಿಪರೀತ. ಸಾವಿರಕ್ಕೆ ಒಂದು, ಕೆಲವೊಮ್ಮೆ ಹತ್ತು ಸಾವಿರಕ್ಕೆ ಒಂದು ಪಾಸಿಟ್ರಾನ್ ಹೀಗೆ ಪಾರಾಗುತ್ತದೆ. ಗಟ್ಟಿಗೊಳಿಸಿದ ನಿಯಾನ್ ಅನಿಲ ಇದಕ್ಕಿಂತ ಒಳ್ಳೆಯ ಮಂದಕ, ಆದರೆ ಅದನ್ನು ಅತಿಶೀತದಲ್ಲಿ ಇಡಬೇಕು. ನಷ್ಟ ಇಷ್ಟಿರುವುದರಿಂದಲೇ ಮೂಲದಲ್ಲಿ ಪಾಸಿಟ್ರಾನ್‌ಗಳು ಧಾರಾಳವಾಗಿರಬೇಕು. ವೇಗವರ್ಧಕ ಬೇಕಾಗುವುದು ಇಲ್ಲಿ.

ಕೊಣಾಜೆಯ ಲೆಕ್ಕ

ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿ ಆವರಣದಲ್ಲಿ 1995ರಲ್ಲಿ ಮೈಕ್ರೋಟ್ರಾನ್ ಕೇಂದ್ರ ಆರಂಭವಾಯಿತು. ಇಂದೋರಿನ ಆಗಿನ ಸೆಂಟರ್ ಫಾರ್ ಅಡ್ವಾನ್ಸ್‌ಡ್ ಟೆಕ್ನಾಲಜಿ, ಈಗಿನ ರಾಜಾ ರಾಮಣ್ಣ ಕೇಂದ್ರ, ಆ ಯಂತ್ರವನ್ನು ಕಟ್ಟಿಕೊಟ್ಟಿತು. ಹೆಸರು ಹೊತ್ತ ರಾಜಾ ರಾಮಣ್ಣ ತುಮಕೂರಿನಲ್ಲಿ ಹುಟ್ಟಿದವರು. ಮೈಕ್ರೋಟ್ರಾನಿನಲ್ಲಿ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ವೃತ್ತ ಹೊಡೆಯುತ್ತವೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗಕ್ಕೆ ಬಂದು ಅಲ್ಲಿನ ರೇಡಿಯೋ ತರಂಗದಿಂದ ಒಂದು ತಳ್ಳು ಪಡೆದು, ಮುಂದಿನ ಸುತ್ತಿನಲ್ಲಿ ಇನ್ನೂ ದೊಡ್ಡ ವೃತ್ತ ಹೊಡೆಯುತ್ತವೆ. ಒಂದೇ ಮೊಳೆಗೆ ತೂಗುಹಾಕಿದ ಬೇರೆ ಬೇರೆ ಗಾತ್ರದ ಬಳೆಗಳ ಚಿತ್ರ ಅದು. ಕೊನೆಗೆ 8 ಎಂಇವಿ ಶಕ್ತಿಯ ಎಲೆಕ್ಟ್ರಾನ್ ಧಾರೆ ಹೊರಬರುತ್ತದೆ. ಪ್ಲಾಸ್ಟಿಕ್, ಅರೆವಾಹಕ, ಬೀಜ, ಜೀವಕೋಶಗಳ ಮೇಲೆ ಎಲೆಕ್ಟ್ರಾನ್ ವಿಕಿರಣದ ಪರಿಣಾಮ ನೋಡಲು ಈ ಯಂತ್ರ ಬಳಕೆಯಾಗಿದೆ. ಭಾರತದ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಇಂಥ ಯಂತ್ರ ಸಿಗುವುದೇ ಅಪರೂಪ.

8 ಎಂಇವಿ ಎಂದರೆ ಇಂದಿನ ಕಣಭೌತವಿಜ್ಞಾನದಲ್ಲಿ ನಗಣ್ಯ. ಆದರೆ ಸರ್ನ್‌ನಲ್ಲೇ ಇರುವ ಜಿಬಾರ್ ಎಂಬ ಪ್ರಯೋಗದ ಪಾಸಿಟ್ರಾನ್ ಮೂಲ ಯಾವುದು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಅದು 9 ಎಂಇವಿಯ ಪುಟ್ಟ ಎಲೆಕ್ಟ್ರಾನ್ ವೇಗವರ್ಧಕ. ಜಗತ್ತಿನ ಅತಿ ದೊಡ್ಡ ವೇಗವರ್ಧಕಗಳ ಊರಲ್ಲಿ, ಇದೊಂದು ಕೆಲಸಕ್ಕೆ ಬೇಕೆಂದೇ ಸಣ್ಣದನ್ನು ಆರಿಸಿಕೊಂಡರು. ಕಾರಣ ಸರಳ. 10 ಎಂಇವಿಗಿಂತ ಕೆಳಗಿದ್ದರೆ ಯಂತ್ರ ನಿಲ್ಲಿಸಿದ ಮೇಲೆ ಗುರಿಲೋಹದಲ್ಲಿ ದೀರ್ಘಕಾಲದ ವಿಕಿರಣಶೀಲತೆ ಉಳಿಯುವುದಿಲ್ಲ, ಗೋಡೆಯಾಚೆ ಜನ ನಿರ್ಭಯವಾಗಿ ಓಡಾಡಬಹುದು. ಎಲೆಕ್ಟ್ರಾನ್ ಧಾರೆ ಟಂಗ್‌ಸ್ಟನ್ ಗುರಿಗೆ ಬಡಿಯುತ್ತದೆ, ಗಾಮಾ ಕಿರಣ ಹುಟ್ಟುತ್ತದೆ, ಅದರಿಂದ ಜೋಡಿಗಳು ಹುಟ್ಟುತ್ತವೆ, ಹಿಂದೆಯೇ ಇರುವ ಟಂಗ್‌ಸ್ಟನ್ ಜಾಲರಿ ಮಂದಕವಾಗಿ ಕೆಲಸ ಮಾಡುತ್ತದೆ. ಕೊನೆಗೆ ಸಿಗುವುದು ಸೆಕೆಂಡಿಗೆ ಸುಮಾರು 5 ಕೋಟಿ ಮಂದ ಪಾಸಿಟ್ರಾನ್. ಇದಕ್ಕೂ ಮುಂಚೆ ಫ್ರಾನ್ಸಿನ ಸಾಕ್ಲೇಯಲ್ಲಿ 4.3 ಎಂಇವಿಯ ಯಂತ್ರದಿಂದಲೇ ಇದನ್ನು ಮಾಡಿ ನೋಡಿದ್ದರು. ಶಕ್ತಿಯ ಮಟ್ಟಿಗೆ ಕೊಣಾಜೆಯ ಯಂತ್ರ ಈ ಎರಡರ ನಡುವೆ ಬರುತ್ತದೆ.

ಆದರೆ ಶಕ್ತಿಯೊಂದೇ ಸಾಲದು, ಎಲೆಕ್ಟ್ರಾನ್‌ಗಳ ಸಂಖ್ಯೆಯೂ ಬೇಕು. ಇಲ್ಲಿ ಉತ್ಪ್ರೇಕ್ಷೆಗೆ ಎಡೆ ಕೊಡಬಾರದು. ಕೊಣಾಜೆಯ ಮೈಕ್ರೋಟ್ರಾನ್ ಸೆಕೆಂಡಿಗೆ 50 ಬಾರಿ, ಪ್ರತಿಸಲ ಸುಮಾರು 2.5 ಮೈಕ್ರೋಸೆಕೆಂಡ್, 50 ಮಿಲಿಆಂಪಿಯರ್‌ನಷ್ಟು ಧಾರೆ ಕೊಡುವಂಥದ್ದು. ಸರಾಸರಿ ತೆಗೆದರೆ 6 ಮೈಕ್ರೋಆಂಪಿಯರ್ ಆಸುಪಾಸು, ಧಾರೆಯ ಬಲ 50 ವ್ಯಾಟ್. ಜಿಬಾರ್ ಯಂತ್ರದ ಬಲ ಎರಡು ಕಿಲೋವ್ಯಾಟಿಗೂ ಹೆಚ್ಚು. ಜಿಬಾರ್‌ನಲ್ಲಿ ಸುಮಾರು 3 ಕೋಟಿ ಎಲೆಕ್ಟ್ರಾನಿಗೆ ಒಂದು ಮಂದ ಪಾಸಿಟ್ರಾನ್ ಸಿಗುತ್ತದೆ. ಅದೇ ಅನುಪಾತ ಇಟ್ಟುಕೊಂಡರೆ ಕೊಣಾಜೆಯಲ್ಲಿ ಸೆಕೆಂಡಿಗೆ 10 ಲಕ್ಷದಷ್ಟು ಸಿಗಬೇಕು. ಶಕ್ತಿ ಒಂದು ಎಂಇವಿ ಕಡಿಮೆ ಇರುವುದನ್ನೂ, ಮೊದಲ ಸಲ ಕಟ್ಟುವವರ ಕೈಯ ತೊಡರನ್ನೂ ಲೆಕ್ಕಕ್ಕೆ ಹಿಡಿದರೆ ಕೆಲವು ಲಕ್ಷ ಎಂದಿಟ್ಟುಕೊಳ್ಳುವುದು ವಾಸಿ. ಒಂದು ಒಳ್ಳೆಯ ಸೋಡಿಯಂ-22 ಮೂಲದಿಂದ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಜರ್ಮನಿಯ ಗಾರ್ಚಿಂಗ್ ಸಂಶೋಧನಾ ಸ್ಥಾವರದ ಧಾರೆ ಸೆಕೆಂಡಿಗೆ ನೂರು ಕೋಟಿಯದು, ಅದರ ಮುಂದೆ ಇದು ಏನೂ ಅಲ್ಲ.

ಹಾಗಾದರೆ ಯಾಕೆ ಬೇಕು? ಏಕೆಂದರೆ ಇದು ಕಲಿಕೆಯ ಮೊದಲ ಮೆಟ್ಟಿಲು. ಗುರಿ, ಮಂದಕ, ನಿರ್ವಾತ ಕೊಳವೆ, ಧಾರೆಯನ್ನು ಬಾಗಿಸಿ ಗಾಮಾ ಕಿರಣದ ಗದ್ದಲದಿಂದ ಆಚೆ ಒಯ್ಯುವ ಕಾಂತಸುರುಳಿ, ಕೊನೆಯಲ್ಲಿ ಪಾಸಿಟ್ರಾನ್ ಎಣಿಸುವ ಉಪಕರಣ ಎಲ್ಲವೂ ಸಣ್ಣ ಯಂತ್ರಕ್ಕೂ ದೊಡ್ಡ ಯಂತ್ರಕ್ಕೂ ಒಂದೇ ಬಗೆಯವು. 50 ವ್ಯಾಟಿನಲ್ಲಿ ಕಲಿತವರು ಕಿಲೋವ್ಯಾಟಿಗೆ ಹೋಗಬಲ್ಲರು. ಕಿಲೋವ್ಯಾಟ್ ಯಂತ್ರಕ್ಕೆ ಹೊರದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಇಂದೋರಿನ ಅದೇ ರಾಜಾ ರಾಮಣ್ಣ ಕೇಂದ್ರ ವೈದ್ಯಕೀಯ ಸಾಮಗ್ರಿಗಳ ಕ್ರಿಮಿನಾಶಕ್ಕಾಗಿ 10 ಎಂಇವಿಯ, ಕೆಲವು ಕಿಲೋವ್ಯಾಟ್ ಬಲದ ಎಲೆಕ್ಟ್ರಾನ್ ವೇಗವರ್ಧಕಗಳನ್ನು ಕಟ್ಟಿ ನಡೆಸುತ್ತಿದೆ. ಸಿರಿಂಜು, ಕೈಗವಸುಗಳನ್ನು ಶುದ್ಧಮಾಡುವ ಯಂತ್ರವೇ ತುಸು ಮಾರ್ಪಾಟಿನೊಂದಿಗೆ ಪ್ರತಿದ್ರವ್ಯದ ಧಾರೆಗೂ ಮೂಲವಾಗಬಹುದು. ಇಲ್ಲದಿರುವುದು ಧಾರೆಯ ಕೊನೆಯ ಹತ್ತು ಮೀಟರ್, ಮತ್ತು ಅದನ್ನು ಕಟ್ಟಲು ಕೂರುವ ಜನ.

ರಂಧ್ರ ಹುಡುಕುವ ಕಣ

ಪಾಸಿಟ್ರಾನ್ ಧಾರೆಯ ಉಪಯೋಗವನ್ನು ಗುರುತ್ವದ ಪ್ರಶ್ನೆಗಷ್ಟೇ ಸೀಮಿತಗೊಳಿಸಿದರೆ ಅನ್ಯಾಯವಾದೀತು. ವಸ್ತುವಿನೊಳಗೆ ಇಳಿದ ಪಾಸಿಟ್ರಾನ್ ಖಾಲಿ ಜಾಗ ಹುಡುಕುತ್ತದೆ. ಲೋಹದ ಹರಳಿನಲ್ಲಿ ಒಂದು ಪರಮಾಣು ಕಾಣೆಯಾಗಿದ್ದರೆ ಆ ಗುಳಿಗೆ ಹೋಗಿ ಬೀಳುತ್ತದೆ. ಅಲ್ಲಿ ಎಲೆಕ್ಟ್ರಾನ್‌ಗಳು ವಿರಳವಾದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ಬದುಕುತ್ತದೆ. ಅದರ ಆಯುಷ್ಯ ಅಳೆದರೆ ಗುಳಿಯ ಗಾತ್ರ ತಿಳಿಯುತ್ತದೆ. ಬೇರೆ ಉಪಕರಣಗಳಿಗೆ ಸುಲಭಕ್ಕೆ ಕಾಣದ ನ್ಯಾನೋಮೀಟರಿಗಿಂತ ಸಣ್ಣ ಪೊಳ್ಳುಗಳು ಹೀಗೆ ಸಿಕ್ಕಿಬೀಳುತ್ತವೆ.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸಿ. ರಂಗನಾಥಯ್ಯ ಮತ್ತು ಅವರ ವಿದ್ಯಾರ್ಥಿಗಳು ಪಾಸಿಟ್ರಾನಿನ ಆಯುಷ್ಯ ಅಳೆದು ಪಾಲಿಮರುಗಳೊಳಗಿನ ಖಾಲಿ ಜಾಗಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ದಾರಿ ಸೋಡಿಯಂ-22 ಮೂಲವನ್ನು ನೇರವಾಗಿ ಬಳಸುವ ದಾರಿ. ಅದರ ಪಾಸಿಟ್ರಾನ್‌ಗಳು ವಸ್ತುವಿನ ಆಳಕ್ಕೆ ಹೊಕ್ಕು ಒಟ್ಟಾರೆ ಸರಾಸರಿಯನ್ನು ಹೇಳುತ್ತವೆ. ಮೇಲಿನ ತೆಳು ಪದರದ ಕಥೆ ಮಾತ್ರ ಬೇಕೆಂದರೆ ಮಂದ ಧಾರೆಯೇ ಆಗಬೇಕು. ಧಾರೆಯ ಶಕ್ತಿಯನ್ನು ಕೆಲವು ಎಲೆಕ್ಟ್ರಾನ್ ವೋಲ್ಟ್‌ನಿಂದ 30,000 ತನಕ ತಿರುಗಿಸುತ್ತಾ ಹೋದರೆ ಮೇಲ್ಮೈಯಿಂದ ಕೆಲವು ಮೈಕ್ರೋಮೀಟರ್ ಆಳದವರೆಗೆ ಪದರ ಪದರವಾಗಿ ನೋಡಬಹುದು. ಇಂಥ ಧಾರೆಗಳು ಭಾರತದಲ್ಲಿ ಇವೆ, ಮುಂಬಯಿಯ ಟ್ರಾಂಬೆಯಲ್ಲಿ ಮತ್ತು ಚೆನ್ನೈ ಬಳಿಯ ಕಲ್ಪಾಕ್ಕಂನಲ್ಲಿ. ಎರಡೂ ಪರಮಾಣು ಶಕ್ತಿ ಇಲಾಖೆಯ ಆವರಣಗಳು.

ಈ ತೆಳು ಪದರ ಯಾರಿಗೆ ಬೇಕು? ಪಾವಗಡ, ಕೋಲಾರ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ, ಜನ ಕ್ಯಾನ್ ಹಿಡಿದು ಸಾಲು ನಿಲ್ಲುತ್ತಾರೆ. ಆ ಘಟಕದ ಹೃದಯ ಆರ್‌ಒ ಪೊರೆ. ಪೊರೆ ದಪ್ಪಗೆ ಕಂಡರೂ ಫ್ಲೋರೈಡನ್ನು ತಡೆಯುವುದು ಅದರ ಮೇಲಿನ ನೂರಿನ್ನೂರು ನ್ಯಾನೋಮೀಟರಿನ ಪಾಲಿಅಮೈಡ್ ಚರ್ಮ ಮಾತ್ರ. ಅದರ ರಂಧ್ರಗಳು ಅರ್ಧ ನ್ಯಾನೋಮೀಟರ್ ಆಸುಪಾಸಿನವು. ರಂಧ್ರ ಸ್ವಲ್ಪ ದೊಡ್ಡದಾದರೆ ಫ್ಲೋರೈಡ್ ನುಸುಳುತ್ತದೆ, ಸಣ್ಣದಾದರೆ ನೀರು ಹೋಗದೆ ಕರೆಂಟ್ ಬಿಲ್ ಏರುತ್ತದೆ. ಈ ಚರ್ಮದ ರಂಧ್ರಗಳನ್ನು ಇದ್ದಲ್ಲೇ ಅಳೆಯಬಲ್ಲ ಕೆಲವೇ ವಿಧಾನಗಳಲ್ಲಿ ಮಂದ ಪಾಸಿಟ್ರಾನ್ ಧಾರೆ ಒಂದು. ಜಪಾನಿನಲ್ಲಿ ಅದನ್ನು ಇದಕ್ಕಾಗಿ ಬಳಸಿದ್ದಾರೆ. ಗಡಸು ನೀರಿನಲ್ಲಿ ದುಡಿದ ಪೊರೆ ಎಲ್ಲಿ, ಹೇಗೆ ಹಾಳಾಗುತ್ತದೆ ಎಂದು ಪಾವಗಡದ ಪೊರೆಯನ್ನೇ ಇಟ್ಟು ನೋಡುವ ಅವಕಾಶ ರಾಜ್ಯದೊಳಗೆ ಇದ್ದರೆ ಅದರ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ಲೋಹದ ಕಥೆಯೂ ಇದೇ. ವಿಶಾಖಪಟ್ಟಣದಿಂದ ಪರವಾಡದ ಕಡೆ ಹೊರಟರೆ ಎನ್‌ಟಿಪಿಸಿಯ 2000 ಮೆಗಾವ್ಯಾಟ್ ಸಿಂಹಾದ್ರಿ ಉಷ್ಣ ವಿದ್ಯುತ್ ಸ್ಥಾವರ ಸಿಗುತ್ತದೆ. ರಾಯಚೂರಿನಲ್ಲಿ ಇರುವಂತೆಯೇ ಅಲ್ಲೂ ಬಾಯ್ಲರ್ ಕೊಳವೆಗಳ ಉಕ್ಕು ವರ್ಷಗಟ್ಟಲೆ ಬಿಸಿ ಮತ್ತು ಒತ್ತಡ ತಿನ್ನುತ್ತದೆ. ಕಣ್ಣಿಗೆ ಬಿರುಕು ಕಾಣುವ ಎಷ್ಟೋ ಮೊದಲು ಅದರೊಳಗೆ ಪರಮಾಣು ಗಾತ್ರದ ಗುಳಿಗಳು ಸೇರತೊಡಗುತ್ತವೆ. ಅದನ್ನು ಮೊದಲೇ ಗ್ರಹಿಸಬಲ್ಲ ಕಣ ಪಾಸಿಟ್ರಾನ್. ಪರವಾಡದಿಂದ ಮುಂದೆ ಅಚ್ಯುತಾಪುರಂ ಬಳಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ತನ್ನ ಹೊಸ ದೊಡ್ಡ ಆವರಣ ಕಟ್ಟುತ್ತಿದೆ. ಅಂಥ ಕಡೆ ಪಾಸಿಟ್ರಾನ್ ಧಾರೆಗೆ ಜಾಗ ಮೀಸಲಿಟ್ಟರೆ ಒಳ್ಳೆಯದೇ. ಆದರೆ ಬೇಲಿ, ಪಾಸು, ಭದ್ರತಾ ಪರಿಶೀಲನೆ ದಾಟಿ ಒಳಗೆ ಹೋಗಲು ಸುಳ್ಯದ ಅಥವಾ ಸಿಂಧನೂರಿನ ಎಂ.ಎಸ್ಸಿ. ವಿದ್ಯಾರ್ಥಿಗೆ ಸುಲಭವಾಗದು. ವಿಶ್ವವಿದ್ಯಾಲಯದ ಯಂತ್ರ ಬೇಕಾಗುವುದು ಅದಕ್ಕೇ. ಅಲ್ಲಿ ವಿದ್ಯಾರ್ಥಿಯೇ ಕೊಳವೆ ಜೋಡಿಸಬಹುದು, ಸೋರಿಕೆ ಹುಡುಕಬಹುದು, ಕೆಡಿಸಿ ಸರಿಮಾಡಬಹುದು.

ಎದುರು ಮಾತುಗಳು

ಮೊದಲ ಆಕ್ಷೇಪ: ಸೋಡಿಯಂ-22 ಸಾಲದೇ? ಈಜಿಸ್‌ನವರಿಗೇ ಸಾಕಾಗಿದೆಯಲ್ಲ? ಸಾಕಾಗುತ್ತದೆ, ಮೂಲ ಸಿಗುವವರೆಗೆ. ಅದರ ಅರ್ಧಾಯುಷ್ಯ 2.6 ವರ್ಷ. ಇವತ್ತು ತಂದದ್ದು ಐದು ವರ್ಷಕ್ಕೆ ಕಾಲು ಭಾಗ. ಅದನ್ನು ಧಾರೆಗೆ ತಕ್ಕಂತೆ ತಯಾರಿಸುವವರು ದಕ್ಷಿಣ ಆಫ್ರಿಕಾದ ಐಥೆಂಬಾ ಪ್ರಯೋಗಾಲಯದಂಥ ಬೆರಳೆಣಿಕೆಯ ಕಡೆ ಮಾತ್ರ. ವಿಕಿರಣಶೀಲ ವಸ್ತುವನ್ನು ತರಿಸುವ ಕಾಗದಪತ್ರ, ಸಾಗಣೆ, ಕೊನೆಗೆ ವಿಲೇವಾರಿ ಎಲ್ಲ ಬೇರೆ. ವೇಗವರ್ಧಕಕ್ಕೆ ಸ್ವಿಚ್ ಆರಿಸಿದರೆ ಪಾಸಿಟ್ರಾನೂ ಇಲ್ಲ, ಭಯವೂ ಇಲ್ಲ. ಜೊತೆಗೆ ಸೋಡಿಯಂ ಮೂಲದಿಂದ ಬರುವ ಧಾರೆಗೆ ಮಿತಿ ಇದೆ. ವೇಗವರ್ಧಕದ ಬಲ ಹೆಚ್ಚಿಸಿದಂತೆ ಧಾರೆಯೂ ಹೆಚ್ಚುತ್ತದೆ.

ಎರಡನೆಯದು ತಾಂತ್ರಿಕ ತಕರಾರು. ಮೈಕ್ರೋಟ್ರಾನಿನ ಒಂದೊಂದು ಹೊಡೆತ 2.5 ಮೈಕ್ರೋಸೆಕೆಂಡ್ ಉದ್ದ. ಪಾಸಿಟ್ರಾನಿನ ಆಯುಷ್ಯ ಅಳೆಯಬೇಕಾದದ್ದು ನ್ಯಾನೋಸೆಕೆಂಡಿನಲ್ಲಿ. ಕಣ ಯಾವಾಗ ಒಳಹೊಕ್ಕಿತು ಎಂದೇ ಗೊತ್ತಾಗದಿದ್ದರೆ ಎಷ್ಟು ಹೊತ್ತು ಬದುಕಿತು ಎಂದು ಹೇಳುವುದು ಹೇಗೆ? ಇದು ನಿಜವಾದ ಅಡ್ಡಿ. ಪಾಸಿಟ್ರಾನ್‌ಗಳನ್ನು ತೆಳು ಸಾರಜನಕ ಅನಿಲವಿರುವ ಕಾಂತಬಲೆಯಲ್ಲಿ ಹಿಡಿದಿಟ್ಟು, ಗೊಂಚಲು ಮಾಡಿ ಒಮ್ಮೆಲೇ ಬಿಡುವ ವಿಧಾನ ಅಮೆರಿಕದ ಕ್ಲಿಫರ್ಡ್ ಸುರ್ಕೋ ಅವರ ಕಾಲದಿಂದ ರೂಢಿಯಲ್ಲಿದೆ. ಅದು ಎರಡನೇ ಹಂತದ ಕೆಲಸ. ಮೊದಲ ಹಂತದಲ್ಲಿ ಆಯುಷ್ಯ ಬಿಟ್ಟು, ಹೊರಬರುವ ಗಾಮಾ ಕಿರಣದ ಶಕ್ತಿಯ ಹರಹನ್ನು ನೋಡಿಯೂ ದೋಷಗಳನ್ನು ಪತ್ತೆಮಾಡಬಹುದು.

ಮೂರನೆಯದು ಭಯ. ಕರಾವಳಿಯವರಿಗೆ ಕೈಗಾ, ಎಲ್ಲೂರಿನ ಉಷ್ಣ ಸ್ಥಾವರ, ಬೈಕಂಪಾಡಿಯ ಕಾರ್ಖಾನೆಗಳ ಅನುಭವವಿದೆ. ಪ್ರಶ್ನೆ ಕೇಳುವುದು ಅವರ ಹಕ್ಕು. ಪ್ರತಿದ್ರವ್ಯ ಎಂದರೆ ಡ್ಯಾನ್ ಬ್ರೌನ್ ಕಾದಂಬರಿಯ ಬಾಂಬೇ ನೆನಪಾಗುವವರೂ ಇದ್ದಾರೆ. ಸರ್ನ್ ಹುಟ್ಟಿದಾಗಿನಿಂದ ಅಲ್ಲಿ ತಯಾರಾದ ಪ್ರತಿದ್ರವ್ಯವನ್ನೆಲ್ಲ ಕೂಡಿಸಿ ಒಮ್ಮೆಗೇ ಅಳಿಸಿದರೂ ಒಂದು ಬಲ್ಬನ್ನು ಕೆಲವು ನಿಮಿಷ ಉರಿಸುವಷ್ಟೇ ಶಕ್ತಿ ಸಿಗುತ್ತದೆ ಎಂದು ಸರ್ನ್ ಹೇಳುತ್ತದೆ. ಕೊಣಾಜೆಯಲ್ಲಿ ಎಚ್ಚರ ಬೇಕಾದದ್ದು ಎಲೆಕ್ಟ್ರಾನ್ ಧಾರೆ ಮತ್ತು ಗಾಮಾ ಕಿರಣಗಳಿಂದ, ಅದೂ ಯಂತ್ರ ನಡೆಯುವಾಗ. ಅದಕ್ಕೆ ಬೇಕಾದ ದಪ್ಪ ಗೋಡೆ, ನಿಯಮ, ಪರಿಶೀಲನೆ ಈ ಬಗೆಯ ಯಂತ್ರಕ್ಕೆ ಮೊದಲಿನಿಂದಲೂ ಅನ್ವಯಿಸುತ್ತವೆ. ಇದನ್ನು ಕನ್ನಡದಲ್ಲಿ, ತುಳುವಿನಲ್ಲಿ ಊರವರಿಗೆ ಕೂತು ಹೇಳುವ ಕೆಲಸವನ್ನು ಯೋಜನೆಯ ಭಾಗವಾಗಿಯೇ ಇಟ್ಟುಕೊಳ್ಳಬೇಕು, ಗಲಾಟೆ ಆದ ಮೇಲೆ ಕೊಡುವ ಪತ್ರಿಕಾ ಹೇಳಿಕೆಯಾಗಿ ಅಲ್ಲ.

ಕೊನೆಯದು ದುಡ್ಡಿನ ಮಾತು. ಅಧ್ಯಾಪಕ ಹುದ್ದೆಗಳನ್ನು ತುಂಬಲು, ಪಿಂಚಣಿ ಕೊಡಲು ಪರದಾಡುವ ರಾಜ್ಯ ವಿಶ್ವವಿದ್ಯಾಲಯಗಳಿಗೆ ಪ್ರತಿದ್ರವ್ಯ ಬೇಕೇ? ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದು, ತಳ್ಳಿಹಾಕುವಂತಿಲ್ಲ. ಆದರೆ ತಿರುಗಿಸಿ ನೋಡಿದರೆ, ಕಟ್ಟಿದ ಯಂತ್ರವನ್ನು ಹೊಸ ಪ್ರಶ್ನೆಯಿಲ್ಲದೆ ಮುದಿಯಾಗಲು ಬಿಡುವುದೂ ಖರ್ಚೇ. ಮೂವತ್ತು ವರ್ಷದ ಯಂತ್ರಕ್ಕೆ ಬಿಡಿಭಾಗ, ತಂತ್ರಜ್ಞ, ಕರೆಂಟು ಹೇಗೂ ಬೇಕು. ಅದನ್ನು ಕೇಳುವಾಗ ಕೈಯಲ್ಲಿ ಒಂದು ಹೊಸ ಕಾರಣ ಇದ್ದರೆ ಕೇಂದ್ರದ ಇಲಾಖೆಗಳ ಮುಂದೆ ಅರ್ಜಿಗೆ ತೂಕ ಬರುತ್ತದೆ.

ಆಗಬೇಕಾದದ್ದು

ಮಾಡಬೇಕಾದ ಕೆಲಸದ ಪಟ್ಟಿ ಉದ್ದವಿಲ್ಲ. ಕೊಣಾಜೆಯ ಯಂತ್ರದ ಈಗಿನ ಆರೋಗ್ಯವನ್ನು ಇಂದೋರಿನವರ ಜೊತೆ ಕೂತು ಪರೀಕ್ಷಿಸಿ, ಬರೆದು, ಪ್ರಕಟಿಸುವುದು ಮೊದಲನೆಯದು. ಯಂತ್ರ ತಾಳುವಂತಿದ್ದರೆ ಒಂದು ಟಂಗ್‌ಸ್ಟನ್ ಗುರಿ, ಒಂದು ಜಾಲರಿ ಮಂದಕ, ಕೆಲವು ಮೀಟರ್ ಕೊಳವೆ ಜೋಡಿಸಿ ಮೊದಲ ಪಾಸಿಟ್ರಾನನ್ನು ಎಣಿಸುವುದು ಎರಡನೆಯದು. ಮೈಸೂರಿನ ಪಾಲಿಮರ್ ಅನುಭವ, ರಾಮನ್ ಸಂಸ್ಥೆಯ ಲೇಸರ್ ಮತ್ತು ಈಜಿಸ್ ಅನುಭವ, ಕಲ್ಪಾಕ್ಕಂನ ಧಾರೆ ನಡೆಸುವ ಕೈ ಇವನ್ನು ಒಂದೇ ಮೇಜಿಗೆ ತರುವುದು ಮೂರನೆಯದು. ಹಣಕ್ಕಿಂತ ಕಷ್ಟದ ಕೆಲಸ ಬಹುಶಃ ಇದೇ. ಯಂತ್ರ ತಾಳುವಂತಿಲ್ಲ ಎಂದಾದರೆ ಅದನ್ನೂ ನೇರವಾಗಿ ಹೇಳಿ, 10 ಎಂಇವಿಯೊಳಗಿನ ಕಿಲೋವ್ಯಾಟ್ ಯಂತ್ರವೊಂದಕ್ಕೆ ಅರ್ಜಿ ಹಾಕಬೇಕು. ಯಾವುದೇ ಆದರೂ ಧಾರೆಯ ಸಮಯದಲ್ಲಿ ಒಂದು ಪಾಲು ರಾಜ್ಯದ ಬೇರೆ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮೀಸಲಿರಬೇಕು.

ನಿಧಾನವೇ ಪ್ರಧಾನ ಎಂಬ ಮಾತು ಕನ್ನಡದಲ್ಲಿ ಸಾಮಾನ್ಯವಾಗಿ ಆತುರದವರನ್ನು ತಡೆಯಲು ಬಳಕೆಯಾಗುತ್ತದೆ. ಪ್ರತಿದ್ರವ್ಯದ ಪ್ರಯೋಗಶಾಲೆಯಲ್ಲಿ ಅದು ಅಕ್ಷರಶಃ ಕೆಲಸದ ವಿವರಣೆ. ಆದರೆ ಕಡತಗಳಿಗೆ ಆ ಮಾತು ಅನ್ವಯವಾಗದಿರಲಿ. ಜಪಾನಿನವರು ಧಾರೆ ಕಟ್ಟಿ ದಶಕಗಳಾದವು, ಜಿಬಾರ್ ತಂಡ ಸಣ್ಣ ಯಂತ್ರ ಸಾಕೆಂದು ತೋರಿಸಿಯೂ ಆಯಿತು. ಕೊಣಾಜೆಯ ಗುಡ್ಡದ ಮೇಲಿನ ಯಂತ್ರದ ಆರೋಗ್ಯ ಪರೀಕ್ಷೆಗೆ ಒಂದು ಸಮಿತಿ, ಅದಕ್ಕೆ ಆರು ತಿಂಗಳ ಗಡುವು. ಸದ್ಯಕ್ಕೆ ಕೇಳಬೇಕಾದದ್ದು ಅಷ್ಟೇ.